ಕೆಮ್ಮಿದರೆ ಹೃದಯಾಘಾತ ನಿಲ್ಲುವುದಿಲ್ಲ: ಒಂದು ಸ್ಪಷ್ಟನೆ

ಒಬ್ಬರೇ ಇರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ, ಜೀವ ಉಳಿಯುತ್ತದೆ ಎಂಬ ಸಂದೇಶ ಮತ್ತೆ ಓಡಾಡುತ್ತಿದೆ. ನನಗೂ ಬಂತು, ಅದೂ ‘ವೈದ್ಯರೇ ಹೇಳಿದ್ದು’ ಅನ್ನೋ ಸಾಲಿನ ಜೊತೆ! ಇದು ತಪ್ಪು. ಸುಮ್ನೆ ಹುಟ್ಟಿದ ಸುಳ್ಳಲ್ಲ, ಅರ್ಧ ನಿಜ ದಾರಿ ತಪ್ಪಿದೆ ಅಷ್ಟೆ. ಆಂಜಿಯೋಗ್ರಾಮ್ (ಹೃದಯದ ರಕ್ತನಾಳಗಳ ಎಕ್ಸ್-ರೇ ಪರೀಕ್ಷೆ) ಮಾಡುವಾಗ ಹೃದಯ ಬಡಿತ ಇದ್ದಕ್ಕಿದ್ದಂತೆ ಕೆಟ್ಟರೆ, ಮಾನಿಟರ್ ಮೇಲೆ ಕಣ್ಣಿಟ್ಟುಕೊಂಡೇ ‘ಕೆಮ್ಮಿ, ಕೆಮ್ಮಿ’ ಅಂತ ನಾವು ವೈದ್ಯರು ರೋಗಿಗೆ ಕೂಗಿ ಹೇಳುವುದುಂಟು. ಹಾಗೆ ಕೆಮ್ಮಿದರೆ ಕೆಲವು ಸೆಕೆಂಡು ಮೆದುಳಿಗೆ ರಕ್ತ ಹೋಗುತ್ತದೆ. ಶಾಕ್ ಕೊಟ್ಟು ಬಡಿತ ಸರಿಪಡಿಸುವ ಯಂತ್ರ, ಡಿಫಿಬ್ರಿಲೇಟರ್, ಪಕ್ಕದಲ್ಲೇ ಇರುತ್ತದೆ. ಮನೆಯಲ್ಲಿ ಹೃದಯಾಘಾತವಾದಾಗ ಕಥೆಯೇ ಬೇರೆ. ಸಾಮಾನ್ಯವಾಗಿ ಹೆಪ್ಪುಗಟ್ಟಿದ ರಕ್ತ ಹೃದಯದ ರಕ್ತನಾಳವನ್ನು ಮುಚ್ಚಿರುತ್ತದೆ. ಕೆಮ್ಮಿದರೆ ಅದು ಕರಗುತ್ತಾ? ಸಮಯ ಹಾಳು, ಅಷ್ಟೆ. ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿ. ಬಾಗಿಲ ಚಿಲಕ ತೆಗೆದಿಟ್ಟು ಕುಳಿತುಕೊಳ್ಳಿ. ನೀವೇ ಗಾಡಿ ಓಡಿಸಿಕೊಂಡು ಹೊರಡಬೇಡಿ.