ಗೇರ್ ಬಾಕ್ಸಿಗೂ ಕ್ರೌನಿಗೂ ಒಂದೇ ಆಯಿಲ್ ಸಾಕೇ?

ಎಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗುವ ಸ್ಪೋರ್ಟ್ಸ್ ಕಾರಿನಲ್ಲಿ ಸಾಮಾನ್ಯವಾಗಿ ಗೇರ್ ಬಾಕ್ಸ್ ಒಂದು ಕಡೆ, ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಇನ್ನೊಂದು ಕಡೆ. ಅದರೊಳಗಿನ ದೊಡ್ಡ ಹಲ್ಲಿನ ಚಕ್ರದ ಹೆಸರಿನಿಂದ ಅದನ್ನು ಗ್ಯಾರೇಜುಗಳಲ್ಲಿ 'ಕ್ರೌನ್' ಎನ್ನುತ್ತಾರೆ. ಎರಡಕ್ಕೂ ಒಂದೇ ಗೇರ್ ಆಯಿಲ್ ಸುರಿಯಬಹುದೇ? ಬೆಂಗಳೂರಿನ ಇಬ್ಬರಿಗೆ ಒಂದೊಂದು ಪಕ್ಷ ಒಪ್ಪಿಸಿದೆವು.

ಪರ: ಎರಡು ಬಗೆ ತಂದು ಕೆಟ್ಟೆ

ನನ್ನದು ಎರಡೇ ಸೀಟಿನ ಕಾರು, ಮಾಜ್ದಾ ಎಂಎಕ್ಸ್-5. ಕಂಪನಿ ಇದನ್ನು ನಮ್ಮ ದೇಶದಲ್ಲಿ ಮಾರಲೇ ಇಲ್ಲ. ಇಂಗ್ಲೆಂಡಿನಿಂದ ಊರಿಗೆ ಮರಳಿದವರೊಬ್ಬರು ಮನೆಸಾಮಾನಿನ ಜೊತೆ ತಂದರು. ಅವರಿಗೆ ಬೆನ್ನುನೋವು ಶುರುವಾದಾಗ ಅದು ನನ್ನ ಪಾಲಿಗೆ ಬಂತು. ಐದು ಗೇರಿನ ಹಳೆಯ ಮಾದರಿ. ಗೇರ್ ಬಾಕ್ಸು ಎರಡು ಲೀಟರ್ ಆಯಿಲ್ ಕುಡಿಯುತ್ತದೆ, ಹಿಂದಿನ ಕ್ರೌನು ಒಂದು ಲೀಟರ್. ಜಿಎಲ್-5 ದರ್ಜೆಯ 75ಡಬ್ಲ್ಯು-90 ಆಯಿಲ್ ಮೂರು ಡಬ್ಬ ತಂದು ಎರಡಕ್ಕೂ ಸುರಿದು ಕೈ ತೊಳೆದುಕೊಳ್ಳಿ ಎನ್ನುವವನು ನಾನು. ಹೀಗೆ ಹೇಳುವ ಹಕ್ಕನ್ನು ದುಡ್ಡು ಕೊಟ್ಟು ಸಂಪಾದಿಸಿದ್ದೇನೆ.

ಅಂಗಡಿಗೆ ಹೋಗಿ 'ತೊಂಬತ್ತು ನಂಬರ್ ಆಯಿಲ್ ಕೊಡಿ' ಎಂದರೆ ಮಾತು ಮುಗಿಯುತ್ತಿದ್ದ ಕಾಲವೊಂದಿತ್ತು. ಈಗ ಡಬ್ಬದ ಬೆನ್ನನ್ನು ಕನ್ನಡಕ ಹಾಕಿಕೊಂಡು ಓದಬೇಕು. ಜಿಎಲ್-4, ಜಿಎಲ್-5 ಎಂಬವು ಅಮೆರಿಕದ ಎಪಿಐ ಸಂಸ್ಥೆ ಮಾಡಿದ ದರ್ಜೆಗಳು. ಹಿಂದಿನ ಹೌಸಿಂಗಿನೊಳಗೆ ಪಿನಿಯನ್ ಎಂಬ ಚಿಕ್ಕ ಗೇರು ಹೋಗಿ ಕ್ರೌನನ್ನು ಸೇರುವುದು ಅದರ ನಡುಮಧ್ಯಕ್ಕಲ್ಲ, ಸ್ವಲ್ಪ ಕೆಳಗೆ. ಹೈಪಾಯ್ಡ್ ಎನ್ನುವುದು ಇದಕ್ಕೇ. ಹೀಗೆ ಓರೆಯಾಗಿ ಸೇರಿದ ಹಲ್ಲುಗಳು ಭಾರ ಹೊತ್ತುಕೊಂಡೇ ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಆಗ ಆಯಿಲಿನ ಪದರ ಹರಿದರೂ ಲೋಹಕ್ಕೆ ಲೋಹ ಕಚ್ಚದಿರಲಿ ಎಂದು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಜಿಎಲ್-5ರಲ್ಲಿ ಅದು ಧಾರಾಳ, ಜಿಎಲ್-4ರಲ್ಲಿ ಮಿತ. ಕ್ರೌನಿಗೆ ಜಿಎಲ್-5 ಬೇಕೇ ಬೇಕು, ಇದರಲ್ಲಿ ಯಾರದೂ ತಕರಾರಿಲ್ಲ. ತಕರಾರಿರುವುದು ಅದನ್ನೇ ಗೇರ್ ಬಾಕ್ಸಿಗೂ ಹಾಕುವುದರಲ್ಲಿ. ನನ್ನ ಕಾರಿನ ಕೈಪಿಡಿ ಗೇರ್ ಬಾಕ್ಸಿನ ಕಾಲಂನಲ್ಲಿ 'ಜಿಎಲ್-4 ಅಥವಾ ಜಿಎಲ್-5' ಎಂದು ಬರೆದಿದೆ. ಆ 'ಅಥವಾ' ಎಂಬ ಒಂದು ಪದವನ್ನು ನಾನು ಆ ದಿನ ನಂಬಿದ್ದರೆ ಈ ಲೇಖನ ಬರೆಯಬೇಕಾಗಿರಲಿಲ್ಲ.

ನಂಬಲಿಲ್ಲ. ತಿಳಿದವರು ಎನಿಸಿಕೊಂಡವರೆಲ್ಲ 'ಜಿಎಲ್-5 ಹಾಕಿದರೆ ಸಿಂಕ್ರೊ ರಿಂಗು ತಿಂದುಹಾಕುತ್ತದೆ' ಎಂದು ಹೆದರಿಸಿದ್ದರು. ಗೇರು ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಬಳೆ ಅದು. ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು, ಗೇರ್ ಬಾಕ್ಸಿಗೆಂದು ಎರಡು ಲೀಟರ್ ತೆಳು ಜಿಎಲ್-4, ಕ್ರೌನಿಗೆಂದು ಒಂದು ಲೀಟರ್ ಜಿಎಲ್-5 ತಂದೆ. ಮಾರ್ಕರ್ ಪೆನ್ನಿನಲ್ಲಿ ಮುಚ್ಚಳಗಳ ಮೇಲೆ 'ಗೇ', 'ಕ್ರೌ' ಎಂದು ಬರೆದೆ. ಗ್ಯಾರೇಜಿನಲ್ಲಿ ಕಾರನ್ನು ಎತ್ತಿ ನಿಲ್ಲಿಸಿದರು. ಮೊದಲು ತುಂಬುವ ನಟ್ಟು ಬಿಚ್ಚಬೇಕು, ಆಮೇಲೆ ಇಳಿಸುವ ನಟ್ಟು. ಉಲ್ಟಾ ಮಾಡಿ, ಇಳಿಸಿದ ಮೇಲೆ ತುಂಬುವ ನಟ್ಟು ಬಿಚ್ಚಿಕೊಳ್ಳದೆ ಹೋದರೆ ಕಾರು ಅಲ್ಲೇ ಠಿಕಾಣಿ. ಅದನ್ನೆಲ್ಲ ಸರಿಯಾಗಿಯೇ ಮಾಡಿದರು. ಹಳೆಯ ಆಯಿಲ್ ಸೋರಿ ಮುಗಿಯಲು ಹೊತ್ತು ಹಿಡಿಯುತ್ತದೆ ಎಂದು ನಾನು ಎದುರಿನ ದರ್ಶಿನಿಗೆ ಹೋಗಿ ಒಂದು ಕಾಫಿ ಕುಡಿದೆ. ನನ್ನ ತಪ್ಪು ಆ ಕಾಫಿ. ವಾಪಸು ಬರುವಷ್ಟರಲ್ಲಿ ಹುಡುಗ ಡಬ್ಬಗಳ ಆಯಿಲನ್ನು ಕೈಪಂಪಿಗೆ ಎಳೆದು ತುಂಬಿಸಿ ಮುಗಿಸಿದ್ದ. ಮುಚ್ಚಳಗಳು ಬೆಂಚಿನ ಮೇಲೆ ಒಂದು ಕಡೆ, ಖಾಲಿ ಡಬ್ಬಗಳು ಮೂಲೆಯಲ್ಲಿ ಇನ್ನೊಂದು ಕಡೆ. 'ಎಲ್ಲಾ ಆಯಿತು ಸಾರ್' ಎಂದ.

ನಾಲ್ಕು ಸಾವಿರ ಕಿಲೋಮೀಟರು ಏನೂ ಗೊತ್ತಾಗಲಿಲ್ಲ. ಅದರಲ್ಲಿ ನಂದಿ ಬೆಟ್ಟದ ತಿರುವುಗಳೂ ಸೇರಿದ್ದವು, ಆರೇಳು ಭಾನುವಾರ. ಒಂದು ಬೆಳಿಗ್ಗೆ ಬಳ್ಳಾರಿ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿದ್ದಾಗ ಹೆಂಡತಿ, 'ಹಿಂದೆ ಯಾರಾದರೂ ಶ್ರುತಿ ಪೆಟ್ಟಿಗೆ ಇಟ್ಟಿದ್ದಾರೆಯೇ?' ಎಂದಳು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಶ್ರುತಿ ಏರುತ್ತಿತ್ತು, ಒತ್ತಿದರೆ ಅಡಗುತ್ತಿತ್ತು. ವೇಗಕ್ಕೆ ತಕ್ಕಂತೆ ಮಧ್ಯಮ, ಪಂಚಮ. ಬೇರೊಬ್ಬ ಮೆಕ್ಯಾನಿಕರ ಬಳಿ ಕೊಂಡುಹೋದೆ. ಅವರು ಕ್ರೌನಿನ ನಟ್ಟು ಬಿಚ್ಚಿ, ಇಳಿದ ಆಯಿಲಿನಲ್ಲಿ ಬೆರಳು ಅದ್ದಿ ಮೂಗಿಗೆ ಹಿಡಿದರು. ಕ್ರೌನ್ ಆಯಿಲಿನ ಗಂಧಕದ ನಾತ ಒಮ್ಮೆ ಕೈಗೆ ಹತ್ತಿದರೆ ಎರಡು ದಿನ ಊಟ ಸೇರುವುದಿಲ್ಲ. ಇದರಲ್ಲಿ ಆ ನಾತವೇ ಇರಲಿಲ್ಲ. 'ಇದು ಕ್ರೌನಿನ ಆಯಿಲೇ ಅಲ್ಲ' ಎಂದರು. ನಟ್ಟಿನ ತುದಿಯ ಅಯಸ್ಕಾಂತಕ್ಕೆ ಉಕ್ಕಿನ ಚೂರುಗಳು ಮುಳ್ಳುಹಂದಿಯ ಮೈಯಂತೆ ನಿಮಿರಿ ನಿಂತಿದ್ದವು. ಸಾಮಾನ್ಯವಾಗಿ ಅಲ್ಲಿರುವುದು ನುಣ್ಣನೆಯ ಬೂದು ಕೆಸರು; ಚೂರು ಇರಬಾರದು. ಕ್ರೌನ್ ಪಿನಿಯನ್ ಜೋಡಿ ಹೊರದೇಶದಿಂದ ಬರಲು ಎರಡೂವರೆ ತಿಂಗಳಾಯಿತು. ಬೆಲೆ ಮನೆಯಲ್ಲಿ ಇನ್ನೂ ಹೇಳಿಲ್ಲ.

ಇನ್ನೊಂದು ಸಂಗತಿ ಕೇಳಿ. ಕ್ರೌನಿಗೆ ಜಿಎಲ್-4 ಹೋಗಿತ್ತೆಂದರೆ ಜಿಎಲ್-5 ಎಲ್ಲಿಗೆ ಹೋಗಿತ್ತು? ಗೇರ್ ಬಾಕ್ಸಿಗೆ, ಉಳಿದ ಜಿಎಲ್-4 ಜೊತೆ ಬೆರೆತು. ಎಲ್ಲರೂ ಹೆದರಿಸಿದ್ದ ಆ ಗೇರ್ ಬಾಕ್ಸಿಗೆ ಏನೂ ಆಗಿರಲಿಲ್ಲ. ತಪ್ಪಿಸಲು ಹೋದ ರೋಗ ಬರಲೇ ಇಲ್ಲ, ತಪ್ಪಿಸುವ ಉಪಾಯದಿಂದ ಬೇರೆ ರೋಗ ಬಂತು. ಎರಡು ಬಗೆಯ ಡಬ್ಬ ಇದ್ದುದರಿಂದ ಅದಲುಬದಲಾಯಿತು. ಒಂದೇ ಬಗೆ ಇದ್ದಿದ್ದರೆ ಆ ಹುಡುಗ ಕಣ್ಣು ಮುಚ್ಚಿಕೊಂಡು ತುಂಬಿದ್ದರೂ ಸರಿಯಾಗಿರುತ್ತಿತ್ತು.

ಪೋರ್ಷೆ 911, ಬಾಕ್ಸ್‌ಸ್ಟರ್ ಕಾರುಗಳನ್ನು ನೋಡಿ. ಅವುಗಳಲ್ಲಿ ಗೇರ್ ಬಾಕ್ಸೂ ಕ್ರೌನೂ ಒಂದೇ ಹೌಸಿಂಗಿನೊಳಗೆ ಒಂದೇ ಆಯಿಲಿನಲ್ಲಿ ಮೀಯುತ್ತವೆ. ಅಷ್ಟು ದೂರ ಏಕೆ, ನಿಮ್ಮ ಮನೆಯ ಮಾರುತಿಯಲ್ಲೂ ಡಿಫರೆನ್ಷಿಯಲ್ ಗೇರ್ ಬಾಕ್ಸಿನೊಳಗೇ ಇದೆ, ಒಂದೇ ಆಯಿಲಿನಲ್ಲಿ ಬಾಳುತ್ತಿದೆ. ಹಿತ್ತಾಳೆಯನ್ನು ಗಂಧಕ ತಿನ್ನುತ್ತದೆ ಎನ್ನುವವರ ಮಾತು ಕೇಳಿದರೆ ಜಿಎಲ್-5 ಡಬ್ಬದೊಳಗೆ ಬಕಾಸುರನೇ ಕುಳಿತಿದ್ದಾನೆ ಎನಿಸುತ್ತದೆ. ಈ ದರ್ಜೆ ಪಡೆಯುವ ಆಯಿಲ್ ತಾಮ್ರದ ಪಟ್ಟಿಯ ಪರೀಕ್ಷೆ ಪಾಸು ಮಾಡಿರಲೇಬೇಕು: 121 ಡಿಗ್ರಿ ಬಿಸಿಯಲ್ಲಿ ಮೂರು ಗಂಟೆ ಪಟ್ಟಿಯನ್ನು ಮುಳುಗಿಸಿಟ್ಟು ನೋಡುತ್ತಾರೆ. ಪಾಸಾಗಿದೆ. ಇನ್ನೇನು ಬೇಕು? ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಏನು ಮಾಡುತ್ತೀರಿ ಎಂದು ಕೇಳುವವರೂ ಇದ್ದಾರೆ. ನನ್ನ ಕಾರಿನಲ್ಲಿ ಅದು ಇಲ್ಲ.

ದಪ್ಪ ತೆಳುವಿನ ಚರ್ಚೆಯಂತೂ ಈ ಊರಿನಲ್ಲಿ ತಮಾಷೆ. 75ಡಬ್ಲ್ಯು ಎಂಬುದು ಮೈನಸ್ 40 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿಯಾಗಬಹುದು ಎಂಬುದರ ಲೆಕ್ಕ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರಲ್ಲಿ. ಮುಂದಿನ ಸಲ 80ಡಬ್ಲ್ಯು-90 ತಂದರೂ ಆದೀತು ಎಂದುಕೊಂಡಿದ್ದೇನೆ.

ಮೆಟ್ಟಿಲ ಕೆಳಗೆ ಈಗ ಮೂರು ಡಬ್ಬ ಇವೆ, ಮೂರೂ ಒಂದೇ. ಮುಚ್ಚಳದ ಮೇಲೆ ಏನೂ ಬರೆದಿಲ್ಲ.

ವಿರೋಧ: ಹಿಡಿಯುವುದು ಒಂದು, ಜಾರುವುದು ಇನ್ನೊಂದು

ವಿರೋಧದ ಕಡೆಯಿಂದ ಬರೆಯಿರಿ ಎಂದು ನನಗೆ ಹೇಳಿದ್ದಾರೆ. ಪರ ಬರೆಯಿರಿ ಎಂದಿದ್ದರೂ ಬರೆಯುತ್ತಿದ್ದೆನೋ ಏನೋ. ಪೀಣ್ಯದಲ್ಲಿ ಗೇರಿನ ಹಲ್ಲು ಕತ್ತರಿಸುವ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ದುಡಿದೆ, ಸ್ಪೋರ್ಟ್ಸ್ ಕಾರು ಮಾತ್ರ ಇಟ್ಟುಕೊಂಡಿಲ್ಲ. ನನ್ನ ಭಾವ ಇಟ್ಟುಕೊಂಡಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡು ಕಡೆ ಎರಡು ಬೇರೆ ಕೆಲಸ ನಡೆಯುತ್ತದೆ. ಕ್ರೌನಿನಲ್ಲಿ ಹಲ್ಲುಗಳು ಕಚ್ಚದೆ ಜಾರಬೇಕು. ಗೇರ್ ಬಾಕ್ಸಿನಲ್ಲಿ ಹಲ್ಲುಗಳ ಜೊತೆಗೆ ಸಿಂಕ್ರೊ ರಿಂಗುಗಳಿವೆ. ಹಿತ್ತಾಳೆಯ ಬಳೆಯಂಥ ಈ ರಿಂಗು, ಗೇರು ಬೀಳುವ ಮೊದಲು, ತಿರುಗುತ್ತಿರುವ ಗೇರಿನ ಕುತ್ತಿಗೆಯನ್ನು ಉಜ್ಜಿ ಹಿಡಿದು ಎರಡರ ವೇಗವನ್ನು ಸಮ ಮಾಡುತ್ತದೆ. ಅದರ ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳನ್ನು ಕೊರೆದಿರುವುದೇ ಆಯಿಲಿನ ಪದರವನ್ನು ಸೀಳಿ ಲೋಹವನ್ನು ಹಿಡಿಯಲಿ ಎಂದು. ವಿಪರೀತ ಜಾರುವ ಆಯಿಲ್ ಹಾಕಿದರೆ ರಿಂಗು ಹಿಡಿಯಲು ತಡಮಾಡುತ್ತದೆ, ಎರಡನೇ ಗೇರು ಕರ್ ಎನ್ನುತ್ತದೆ. ಜಿಎಲ್-5ರಲ್ಲಿ ಒತ್ತಡ ತಡೆಯುವ ಸಂಯುಕ್ತ ಜಿಎಲ್-4ರ ಸುಮಾರು ಎರಡು ಪಟ್ಟು ಇರುತ್ತದೆ. ತಾಮ್ರದ ಪಟ್ಟಿಯ ಪರೀಕ್ಷೆಯನ್ನು ಆಗಾಗ ಉದಾಹರಿಸುತ್ತಾರೆ. ಜಿಎಲ್-5ಕ್ಕೆ ಅದರಲ್ಲಿ 3ನೇ ದರ್ಜೆಯವರೆಗೆ ಮಾಫಿ ಇದೆ, ಅಂದರೆ ಪಟ್ಟಿಯ ಬಣ್ಣ ಗಾಢವಾಗಿ ಕಂದಿದರೂ ಪಾಸು. ಅದೂ ಮೂರೇ ಗಂಟೆಯ ಪರೀಕ್ಷೆ. ಗೇರ್ ಬಾಕ್ಸಿನಲ್ಲಿ ಆಯಿಲ್ ವರ್ಷಗಟ್ಟಲೆ ಇರುತ್ತದೆ.

ಪ್ಲೇಟುಗಳಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಜಾರಿಕೆ ಹೆಚ್ಚಿಸುವ ಇನ್ನೊಂದು ವಸ್ತು ಬೆರೆತ ಎಲ್‌ಎಸ್ ಆಯಿಲ್ ಬೇಕು. ಇಲ್ಲವಾದರೆ ಮಾಲ್‌ನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಹಿಂದಿನಿಂದ ಗಡಗಡ ನಡುಗುತ್ತದೆ. ಅದನ್ನೇ ಗೇರ್ ಬಾಕ್ಸಿಗೂ ಹಾಕಿದರೆ ಸಿಂಕ್ರೊ ಗತಿ ಏನು, ಲೆಕ್ಕ ಹಾಕಿಕೊಳ್ಳಿ.

ಮಾರುತಿಯ ಉದಾಹರಣೆ ನಿಲ್ಲುವುದಿಲ್ಲ. ಎಂಜಿನ್ ಅಡ್ಡಲಾಗಿ ಕುಳಿತ ಆ ಕಾರುಗಳಲ್ಲಿ ಚಕ್ರಗಳ ಕಡೆಗೆ ಬಲ ದಾಟಿಸುವ ಕೊನೆಯ ಗೇರು ಜೋಡಿ ಹೈಪಾಯ್ಡ್ ಅಲ್ಲ, ಪಕ್ಕಪಕ್ಕದಲ್ಲಿ ನೇರವಾಗಿ ಸೇರುವ ಸಾಮಾನ್ಯ ಹೆಲಿಕಲ್. ಅದಕ್ಕೆ ಜಿಎಲ್-4 ಸಾಕು. ಪೋರ್ಷೆ ಇಟ್ಟುಕೊಂಡವರ ಲೆಕ್ಕ ಬೇರೆ, ಅವರು ಜೆ.ಸಿ. ರಸ್ತೆಯಲ್ಲಿ ಆಯಿಲ್ ಹುಡುಕುತ್ತಾ ನಿಂತಿದ್ದನ್ನು ನಾನಂತೂ ಕಂಡಿಲ್ಲ. ಗೇರ್ ಬಾಕ್ಸಿಗೆ ಗೇರ್ ಆಯಿಲೇ ಬೇಕೆಂದೂ ಇಲ್ಲ. ಹಳೆಯ ಮಸ್ಟ್ಯಾಂಗ್‌ಗಳಲ್ಲಿದ್ದ ಟಿ-5 ಎಂಬ ಮ್ಯಾನ್ಯುಯಲ್ ಗೇರ್ ಬಾಕ್ಸಿಗೆ ಆಟೊಮ್ಯಾಟಿಕ್‌ಗೆ ಹಾಕುವ ತೆಳು ಕೆಂಪು ಎಟಿಎಫ್ ಹಾಕುತ್ತಿದ್ದರು. ಗೇರ್ ಆಯಿಲಿನಲ್ಲೂ ಯಾವ ಬಗೆ ಎಂಬುದು ಮುಖ್ಯ. 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಡಿಎಸ್‌ಜಿ ಎಂಬ, ಎರಡು ಕ್ಲಚ್ಚಿನ ಏಳು ಗೇರಿನ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಇರುವ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸು ಕರೆಸಿ, ಸಿಂಥೆಟಿಕ್ ಗೇರ್ ಆಯಿಲ್ ಇಳಿಸಿ ಮಿನರಲ್ ಆಯಿಲ್ ತುಂಬಿಸಿತು. ಬಿಸಿಯೂ ತೇವವೂ ಇರುವ ಹವೆಯಲ್ಲಿ, ನಿಂತು ನಿಂತು ಚಲಿಸುವ ಸಂಚಾರದಲ್ಲಿ, ಸಿಂಥೆಟಿಕ್‌ನಿಂದ ವಿದ್ಯುತ್ ದೋಷ ಬರಬಹುದೆಂಬುದು ಅವರು ಹೇಳಿದ ಕಾರಣ. ನಿಂತು ನಿಂತು ಚಲಿಸುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಇನ್ನು ಭಾವನ ಕಾರು. ಬಸವನಗುಡಿಯ ಮನೆಯ ಅಂಗಳದಲ್ಲಿ ಹೊದಿಕೆ ಹೊದ್ದು ಮಲಗಿರುವ ಎಂಜಿಬಿ. 1962ರಿಂದ 1980ರವರೆಗೆ ಬ್ರಿಟನ್ನಿನಲ್ಲಿ ತಯಾರಾದ ಈ ಕಾರಿನ ಗೇರ್ ಬಾಕ್ಸಿಗೆ ಕೈಪಿಡಿ ಹೇಳುವುದು ಎಂಜಿನ್ ಆಯಿಲ್, 20ಡಬ್ಲ್ಯು-50. ಹಿಂದಿನ ಹೌಸಿಂಗಿಗೆ ಮಾತ್ರ 90ರ ಹೈಪಾಯ್ಡ್ ಆಯಿಲ್. ಭಾವನಿಗೆ ಇದು ಅವಮಾನ ಎನಿಸಿತು. 'ಸ್ಪೋರ್ಟ್ಸ್ ಕಾರಿನ ಗೇರ್ ಬಾಕ್ಸಿಗೆ ಎಂಜಿನ್ ಆಯಿಲ್ ಹಾಕುವುದೆಂದರೇನು? ಮುದ್ರಣದ ತಪ್ಪು' ಎಂದು, ಕ್ರೌನಿಗೆಂದು ತಂದ ಜಿಎಲ್-5ನ್ನೇ ಎರಡಕ್ಕೂ ಸುರಿದರು. ನಾನು ಬೇಡವೆಂದೆ. ಅಕ್ಕ, 'ಅವರು ಯಾರ ಮಾತು ಕೇಳಿದ್ದಾರೆ?' ಎಂದಳು.

ಡಿಸೆಂಬರಿನ ಬೆಳಿಗ್ಗೆ ಎರಡನೇ ಗೇರು ಬೀಳಲು ಹಟ ಮಾಡತೊಡಗಿತು. ಲಾಲ್‌ಬಾಗ್ ಪಶ್ಚಿಮ ದ್ವಾರದವರೆಗೆ ಒಂದನೇ ಗೇರಿನಲ್ಲೇ ಹೋಗಿ, ಬಿಸಿಯಾದ ಮೇಲೆ ಎರಡಕ್ಕೆ ಹಾಕುವುದು ಅಭ್ಯಾಸವಾಯಿತು. ಬೆಳಗಿನ ವಾಕಿಂಗಿನವರು ತಿರುಗಿ ನೋಡುತ್ತಿದ್ದರು. ಭಾವ ಕೈ ಬೀಸುತ್ತಿದ್ದರು. ಎರಡು ವರ್ಷದ ಮೇಲೆ ಆಯಿಲ್ ಇಳಿಸಿದೆವು. ಬಿಳಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿಲಿಗೆ ಹಿಡಿದಾಗ ತಳದಲ್ಲಿ ಹೊಂಬಣ್ಣದ ಪುಡಿ ಸುಳಿ ಸುಳಿಯಾಗಿ ಮಿನುಗಿತು. ಅಯಸ್ಕಾಂತ ತಂದು ಹಿಡಿದೆ, ಅಂಟಲಿಲ್ಲ. ಹಿತ್ತಾಳೆ. ಅಕ್ಕ ಇಣುಕಿ ನೋಡಿ, 'ಎಷ್ಟು ಚೆನ್ನಾಗಿದೆ' ಎಂದಳು.

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಆ ರಿಂಗುಗಳಿಗೆ ನಲವತ್ತು ದಾಟಿತ್ತು. ಸವೆದದ್ದು ಆಯಿಲಿನಿಂದಲೋ ವಯಸ್ಸಿನಿಂದಲೋ, ಭಾವನ ಕೈಯ ಒರಟುತನದಿಂದಲೋ ನಾನು ಪ್ರಮಾಣ ಮಾಡಿ ಹೇಳಲಾರೆ. ಹೊಸ ಕಾರಿನ ಕೈಪಿಡಿಯೇ ಎರಡಕ್ಕೂ ಜಿಎಲ್-5 ಆಗುತ್ತದೆ ಎಂದಿದ್ದರೆ ನಾನೂ ಜಗಳಕ್ಕೆ ಹೋಗುವುದಿಲ್ಲ.

20ಡಬ್ಲ್ಯು-50 ಹಾಕಿದ ಮೇಲೆ ಎರಡನೇ ಗೇರು ಮೊದಲಿಗಿಂತ ಸಲೀಸಾಗಿ ಬೀಳುತ್ತಿದೆ, ಪೂರ್ತಿ ಅಲ್ಲ. ಉಳಿದ ಜಿಎಲ್-5ನ್ನು ಭಾವ ಗೇಟಿನ ಕೀಲುಗಳಿಗೆ ಬಿಡುತ್ತಾರೆ. ಗೇಟು ಸದ್ದಿಲ್ಲದೆ ತೆರೆಯುತ್ತದೆ. ಹಾಲಿನವನು ಮಾತ್ರ, ಇಲ್ಲೇನೋ ವಾಸನೆ ಎನ್ನುತ್ತಾನೆ.