ರೂಮಿಲ್ಲ, ಗೋಳಿಬಜೆ ಉಂಟು

ಕಾಸರಗೋಡಿನವರಿಗೆ ಭಾಷೆಯ ಬರಗಾಲವಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಲ್ಲೇಜ್ ಆಫೀಸಿನಲ್ಲಿ ಮಲಯಾಳ. ಇಷ್ಟನ್ನು ನಿಭಾಯಿಸುವವರು ಇಂಗ್ಲಿಷಿನಲ್ಲಿ ಎಡವುವುದು ಗೊತ್ತಿಲ್ಲದ ಪದಗಳಿಗಲ್ಲ, ಚಿಕ್ಕಂದಿನಿಂದ ಗೊತ್ತಿರುವ ಪದಗಳಿಗೆ.

ಹೋಟೆಲು ನಮಗೆ ತಿನ್ನುವ ಜಾಗ, ಇಂಗ್ಲಿಷಿನವರಿಗೆ ತಂಗುವ ಜಾಗ. ಬೇಕಲ ಕೋಟೆ ನೋಡಿ ದಣಿದ ವಿದೇಶಿ ಬೋರ್ಡು ನಂಬಿ ರೂಮು ಕೇಳಿದರೆ, "ರೂಮಿಲ್ಲ, ಬಿಸಿ ಗೋಳಿಬಜೆ ಉಂಟು" ಎಂಬ ಉತ್ತರ ಸಿಕ್ಕೀತು. ತಿನ್ನುವುದಕ್ಕಾದರೆ ರೆಸ್ಟೋರೆಂಟ್ ಎನ್ನಿ. ಬಸ್ಸಿನವರ "ರೈಟ್, ಪೋಯಿ"ಯಲ್ಲಿನ ರೈಟು ಬಲವೂ ಅಲ್ಲ, ಸರಿಯೂ ಅಲ್ಲ, 'ಹೊರಡು' ಅಂತ. ಡ್ರೈವರು ನಿಘಂಟು ನೋಡಿ ಓಡಿಸುವವನಾಗಿದ್ದರೆ ಬಸ್ಸು ಎಂದೋ ಗದ್ದೆಗೆ ಇಳಿಯುತ್ತಿತ್ತು.

ಟಯರು ಪಂಕ್ಚರಾದಾಗ ನಾವು ಹುಡುಕುವ ಸ್ಟೆಪ್ನಿಯನ್ನು ಲಂಡನ್ನಿನಲ್ಲಿ ಕೇಳಿದರೆ ದಾರಿ ತೋರಿಸಿಯಾರು, ಏಕೆಂದರೆ ಅಲ್ಲಿ ಅದೊಂದು ಬಡಾವಣೆ! ನಮ್ಮ ಸ್ಟೆಪ್ನಿ ಬಂದದ್ದು ವೇಲ್ಸಿನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ. ಈ ಹೆಚ್ಚುವರಿ ಚಕ್ರ 1904ರಲ್ಲಿ ಹುಟ್ಟಿದ್ದು ಅಲ್ಲಿ. ಈಗ ಅಲ್ಲಿಯವರೇ ಸ್ಪೇರ್ ವೀಲ್ ಎನ್ನುತ್ತಾರೆ. ಹೆಸರನ್ನು ಜೋಪಾನ ಮಾಡಿದವರು ನಾವು.

ಕ್ಲಾಸಿನಲ್ಲಿ "ಡೌಟ್ ಉಂಟು ಸರ್" ಎನ್ನುವ ಹುಡುಗ ಪಾಠ ಕೇಳಿದವನು. ಇಂಗ್ಲಿಷಿನವನ ಕಿವಿಗೆ ಮಾತ್ರ ಮೇಷ್ಟ್ರ ಮೇಲೇ ಅನುಮಾನಪಟ್ಟಂತೆ ಕೇಳುತ್ತದೆ. ಅಲ್ಲಿ ಕ್ವೆಶ್ಚನ್ ಸಾಕು.

ಅಸಲಿ ತಾಪತ್ರಯ ಸಿನ್ಸ್ ಮತ್ತು ಫಾರ್‌ನದು. ಕನ್ನಡದ 'ಇಂದ' ಬಹಳ ಉದಾರಿ: '2019ರಿಂದ' ಎಂದರೂ ಅದೇ, 'ಐದು ವರ್ಷದಿಂದ' ಎಂದರೂ ಅದೇ. ಹೀಗಾಗಿ "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್" ಸಲೀಸಾಗಿ ಬಾಯಿಗೆ ಬರುತ್ತದೆ, ಒಂದೇ ವಾಕ್ಯದಲ್ಲಿ ಎರಡು ತಪ್ಪು ಹೊತ್ತುಕೊಂಡು. ಇಲ್ಲಿ ಗಡಿನಾಡಿನವರಿಗೊಂದು ಲಾಭವಿದೆ, ಮಂಗಳೂರಿನವರು ಹೊಟ್ಟೆಕಿಚ್ಚುಪಡಲಿ. ಮಲಯಾಳದಲ್ಲಿ ಶುರುವಾದ ದಿನಕ್ಕೆ 'ಮುದಲ್', ಕಳೆದ ಅವಧಿಗೆ 'ಆಯಿ': '2019 ಮುದಲ್', 'ಅಂಜು ವರ್ಷಮಾಯಿ'. ಮುದಲ್ ಬರುವಲ್ಲಿ ಸಿನ್ಸ್, ಆಯಿ ಬರುವಲ್ಲಿ ಫಾರ್. ಇನ್ನೊಂದು ತಪ್ಪು 'ಆಮ್'. ಅಂದು ಶುರುವಾಗಿ ಇಂದಿಗೂ ನಡೆಯುತ್ತಿರುವ ಕೆಲಸಕ್ಕೆ 'ಹ್ಯಾವ್ ಬೀನ್' ಬೇಕು: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್". ಉದ್ದವಾಯಿತು, ನಿಜ. ವಿಲ್ಲೇಜ್ ಆಫೀಸಿನ ಅರ್ಜಿಗಿಂತ ಗಿಡ್ಡವೇ.

ಇನ್ನು ಕಡದ ವ್ಯವಹಾರ. ನಮ್ಮಲ್ಲಿ ಕಡ ಕೊಡುವುದೂ ಕಡವೇ, ತೆಗೆದುಕೊಳ್ಳುವುದೂ ಕಡವೇ. ಇಂಗ್ಲಿಷಿನಲ್ಲಿ ಕೊಡುವವನದು ಲೆಂಡ್, ಪಡೆಯುವವನದು ಬಾರೋ. ನೆರೆಮನೆಯ ದೋಟಿ ಬೇಕಾದರೆ "ಕ್ಯಾನ್ ಯು ಲೆಂಡ್ ಮಿ" ಎನ್ನಿ, ಇಲ್ಲವೇ "ಕ್ಯಾನ್ ಐ ಬಾರೋ" ಎನ್ನಿ. "ಬಾರೋ ಮಿ" ಎಂದರೆ ನಿಮ್ಮನ್ನೇ ಒಯ್ಯಲು ಹೇಳಿದಂತೆ. ಹಿಂದೆ ಕೊಡುವುದಕ್ಕೆ ಬರೀ ರಿಟರ್ನ್. 'ಹಿಂದೆ' ಎನ್ನುವುದು ಅದರೊಳಗೇ ಇರುವುದರಿಂದ ರಿಟರ್ನ್ ಬ್ಯಾಕ್ ಬೇಡ. ಬ್ಯಾಕ್ ಬಾರದಿದ್ದರೂ ಅಡ್ಡಿಯಿಲ್ಲ, ದೋಟಿ ಬಂದರಾಯಿತು.