ಆ ಹಾರ ಪೋಣಿಸಿದವರು ಯಾರು?

ಭಾನುವಾರ ಧಾರವಾಡದಲ್ಲಿ ಒಂದು ಪ್ರದರ್ಶನ ನೋಡಿ ಬಂದೆ. ಎರಡು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದುಬಿಡುತ್ತೇನೆ.

ಉಡುವ ಕಲೆಯ ಪ್ರದರ್ಶನ ಅದು. ಬಟ್ಟೆ ಬಿಟ್ಟು ಏನೇನೋ ವಸ್ತುಗಳಿಂದ ಮಾಡಿದ ಉಡುಗೆಗಳು. ಹಳೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಹೊಲಿದ ಕೋಟು ಇತ್ತು. ಹಿಂದಿನಿಂದ ಬೆಳಕು ಬಿದ್ದಾಗ ಎದೆಯ ಮೇಲೆ ಯಾರದೋ ಪಕ್ಕೆಲುಬು ಕಾಣುತ್ತಿತ್ತು. ಕ್ಯಾಸೆಟ್ ಟೇಪಿನಿಂದ ಹೆಣೆದ ಶಾಲಿನ ಮುಂದೆ ಹತ್ತು ನಿಮಿಷ ನಿಂತೆ. ಪ್ರತಿಯೊಂದರ ಪಕ್ಕ ಒಂದು ಚೀಟಿ. ಮಾಡಿದವರ ಹೆಸರು, ಊರು, ಬಳಸಿದ ವಸ್ತು, ಹಿಡಿದ ದಿನ. ಬಾಗಿಲ ಬಳಿಯ ಫಲಕದಲ್ಲಿ ನ್ಯೂಜಿಲೆಂಡಿನ ಸುದ್ದಿಯೂ ಇದೆ. ನೆಲ್ಸನ್ ಪಟ್ಟಣದಲ್ಲಿ 1987ರಲ್ಲಿ ಸೂಝಿ ಮಾನ್‌ಕ್ರೀಫ್ ಇಂಥದ್ದೊಂದು ಪ್ರದರ್ಶನ ಶುರು ಮಾಡಿದ್ದು, 2005ರಲ್ಲಿ ಅದು ವೆಲ್ಲಿಂಗ್ಟನ್‌ಗೆ ಹೋದದ್ದು. ಓದಿ ಖುಷಿಯಾಯ್ತು. ಹಾಗೇ ಬರೆಯಬೇಕು.

ಕೊನೆಯ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಹಾವೇರಿಯ ಏಲಕ್ಕಿ ಹಾರ. ಅದರ ಪಕ್ಕ ಒಂದು ಹಳೆಯ ಲಂಬಾಣಿ ಕಾಂಚಳಿ. ಚೀಟಿಯಲ್ಲಿ ‘ಏಲಕ್ಕಿ ಹಾರ, ಹಾವೇರಿ’, ‘ಲಂಬಾಣಿ ರವಿಕೆ’. ಅಷ್ಟೇ. ಹೆಸರಿಲ್ಲ.

ಕಾಂಚಳಿಯನ್ನು ಬಗ್ಗಿ ನೋಡಿದೆ. ಕನ್ನಡಿ, ಕವಡೆ, ನಡುನಡುವೆ ತೂತಿನ ದುಡ್ಡು. ಒಂದರ ಮೇಲೆ 1944 ಅಂತ ಓದಲು ಬಂತು. ಯುದ್ಧದ ಕಾಲದಲ್ಲಿ ಲೋಹ ಉಳಿಸಲು ಸರ್ಕಾರ ನಡುವೆ ತೂತು ಬಿಟ್ಟು ಹೊಡೆದ ಪೈಸೆ ಅದು. ಆ ತೂತಿನಲ್ಲಿ ದಾರ ಹಾಯಿಸಬಹುದು ಅಂತ ತಾಂಡಾದ ಒಬ್ಬ ಹೆಣ್ಮಗಳಿಗೆ ಹೊಳೆಯಿತಲ್ಲ! ಸಮುದ್ರದ ಕವಡೆಯನ್ನೂ ಸರ್ಕಾರದ ದುಡ್ಡನ್ನೂ ಒಂದೇ ದಾರದಲ್ಲಿ ಹೊಲಿದಿದ್ದಾಳೆ. ಎಕ್ಸ್‌ರೇ ಕೋಟಿಗಿಂತ ಇದು ಯಾವುದರಲ್ಲಿ ಕಡಿಮೆ?

ಇನ್ನು ಹಾರ. ನಾನು ಹಾವೇರಿಯವನು, ನಿಮಗೆ ಗೊತ್ತೇ ಇದೆ. ಏಲಕ್ಕಿ ನಮ್ಮಲ್ಲಿ ಬೆಳೆಯುವುದಿಲ್ಲ, ಮಲೆನಾಡಿನಿಂದ ಬರುತ್ತದೆ. ಕಾಯಿ ಒಡೆಯದ ಹಾಗೆ ಸೂಜಿ ಚುಚ್ಚಬೇಕು. ಸ್ವಲ್ಪ ಜೋರಾದರೆ ಸಿಪ್ಪೆ ಬಿರಿದು ಕಾಳು ಉದುರುತ್ತದೆ. ಒಂದೇ ಅಳತೆಯ ಕಾಯಿ ಆರಿಸಬೇಕು. ಆಮೇಲೆ ಜರಿ, ಉಲ್ಲನ್, ಮಣಿ, ಕೆಳಗೆ ಪದಕ. ಇಷ್ಟು ಮಾಡಿದ ಕೈಗೆ ಹೆಸರಿಲ್ಲ.

ಅಲ್ಲಿದ್ದ ಹುಡುಗನನ್ನು ಕೇಳಿದೆ. ಪಾಪ, ಮರ್ಯಾದೆಯಿಂದಲೇ ಹೇಳಿದ, ‘ಸರ್, ಇದು ಜಾನಪದರೀ. ಸಮುದಾಯದ್ದು. ಒಬ್ಬರ ಹೆಸರು ಎಲ್ಲಿಂದ ತರೋದ್ರೀ?’

ಈ ಮಾತನ್ನು ಜಾಸ್ತಿ ಓದಿದವರ ಬಾಯಲ್ಲೂ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಕಾಂಚಳಿ ಹಳೆಯದು, ಹೊಲಿದವಳು ಇವತ್ತು ಇಲ್ಲದಿರಬಹುದು. ಹಾಗಾದರೆ ‘ಹೆಸರು ಕೇಳಿ ಬರೆದಿಟ್ಟಿಲ್ಲ’ ಅಂತ ಬರೆಯಿರಿ, ಯಾವ ತಾಂಡಾದಿಂದ ಬಂತು ಅಂತ ಬರೆಯಿರಿ. ಹಾರ ಹೊಸದು, ಉಲ್ಲನ್ ಬಣ್ಣ ಇನ್ನೂ ಮಾಸಿಲ್ಲ. ಕೊಂಡ ಅಂಗಡಿಯಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಪಟ್ಟದಕಲ್ಲು ಇಲ್ಲಿಂದ ಎಷ್ಟು ದೂರ? ಅಲ್ಲಿಯ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನು ಎಂಟನೇ ಶತಮಾನದಲ್ಲೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಕಲ್ಲಿನಲ್ಲಿ ಕೆತ್ತಿದವರು ನಾವು, ಈಗ ಒಂದು ಕಾಗದದ ಚೀಟಿಯಲ್ಲಿ ಬರೆಯಲು ಆಗದಾ?

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಸಾಲೆಯಿಂದ ನಿವೃತ್ತಿಯಾದ ದಿನ ಹಳೆಯ ವಿದ್ಯಾರ್ಥಿಗಳು ಹಾವೇರಿಯಿಂದ ಐದೆಳೆಯ ಹಾರ ತಂದು ಹಾಕಿದ್ದರು. ಇವತ್ತಿಗೂ ಪಡಸಾಲೆಯ ಮೊಳೆಗೆ ನೇತಾಡುತ್ತಿದೆ. ಮಳೆ ಹಿಡಿದಾಗ ಸಣ್ಣಗೆ ಘಮ ಬರುತ್ತದೆ. ಬಂದವರಿಗೆಲ್ಲ ತೋರಿಸಿದ್ದೇನೆ. ತಂದ ಹುಡುಗರ ಹೆಸರು ಒಂದೊಂದಾಗಿ ಹೇಳಿದ್ದೇನೆ. ಪೋಣಿಸಿದವರು ಯಾರು ಅಂತ ಒಮ್ಮೆಯೂ ಕೇಳಲಿಲ್ಲ. ಭಾನುವಾರ ರಾತ್ರಿ ಅದರ ಮುಂದೆ ನಿಂತಾಗ ಗಂಟಲು ಕಟ್ಟಿತು.

ನಿನ್ನೆ ಆ ಹುಡುಗರಲ್ಲಿ ಒಬ್ಬನಿಗೆ ಫೋನ್ ಮಾಡಿದೆ. ಅಂಗಡಿ ನೆನಪಿದೆಯಂತೆ. ಗುರುವಾರ ಇಬ್ಬರೂ ಹಾವೇರಿಗೆ ಹೋಗುತ್ತಿದ್ದೇವೆ. ಹೆಸರು ಕೇಳಿ ಬರೆದುಕೊಂಡು ಬಂದು ಹಾರದ ಕೆಳಗೆ ಅಂಟಿಸುತ್ತೇನೆ.

ಪ್ರದರ್ಶನ ಮುಂದಿನ ಭಾನುವಾರದವರೆಗೆ ಇದೆ. ತಪ್ಪದೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಕೊನೆಯ ಮೂಲೆಯವರೆಗೂ ನಡೆಯಿರಿ. ಬಾಗಿಲಲ್ಲಿ ಅಭಿಪ್ರಾಯದ ಪುಸ್ತಕ ಇಟ್ಟಿದ್ದಾರೆ. ನಾನು ಬರೆದದ್ದರ ಕೆಳಗೆ ಇನ್ನೂ ಅರ್ಧ ಪುಟ ಖಾಲಿ ಇದೆ.